ಪರ್ಸಿ ಕಲ್ಲಿನ ಡ್ಯೂಟಿ

ಹೋದ ತಿಂಗಳು ವಾಡಿಯಲ್ಲಿ, ನಾವೆಲ್ಲ ಕಾಕಾ ಎಂದು ಕರೆಯುವವರ ನಿವೃತ್ತಿಯ ಬೀಳ್ಕೊಡುಗೆ ಆಯಿತು. ಶಾಲು ಹೊದಿಸಿ, ಕೊರಳಿಗೆ ಭಾರದ ಹಾರ ಹಾಕಿ, ಅಲುಗಾಡದಂತೆ ವೇದಿಕೆಯ ಮೇಲೆ ಕೂರಿಸಿದ್ದರು. ಸಾಹೇಬರೊಬ್ಬರು ಎದ್ದು, ರೈಲ್ವೆಯಲ್ಲಿ ಇಷ್ಟು ವರ್ಷ ಪಾಯಿಂಟ್ಸ್‌ಮನ್ ಆಗಿ ಒಂದೂ ಅವಘಡವಿಲ್ಲದೆ ದುಡಿದರು ಎಂದು ಹೊಗಳಿದರು. ಇನ್ನೊಬ್ಬರು ಅವರ ಸಮಯಪಾಲನೆ ಹೊಗಳಿದರು. ಮೂರನೆಯವರಿಗೆ ತಾವು ಯಾರ ಬಗ್ಗೆ ಮಾತಾಡುತ್ತಿದ್ದೇವೆಂದು ಗೊತ್ತಿದ್ದಂತೆಯೇ ಕಾಣಲಿಲ್ಲ. ಫುಟ್‌ಬಾಲ್ ಎಂಬ ಶಬ್ದ ಮಾತ್ರ ಒಬ್ಬರ ಬಾಯಿಂದಲೂ ಬರಲಿಲ್ಲ. ಅವರ ಕೈಯಲ್ಲಿ ಆಡಿ ಬೆಳೆದ ನಾವು ಹತ್ತು ಹನ್ನೆರಡು ಜನ ಕೊನೆಯ ಸಾಲಿನಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಯಾರೋ ನನ್ನನ್ನು ಎರಡು ಮಾತಾಡಲು ಕರೆದರು. ಹೋದೆ, ಮೈಕು ಹಿಡಿದೆ, ಕೈಮುಗಿದು ಬಂದು ಕೂತೆ. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ದಿನಾ ಕೂಗುವ ಪಿ.ಟಿ. ಟೀಚರ್ ನಾನು! ಅಂದು ನುಂಗಿದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಕಾಕಾ ಸಿಟ್ಟಾಗುತ್ತಾರೆ, ಅವರ ಸಿಟ್ಟು ನನಗೆ ಇವತ್ತಿಗೂ ಹೆದರಿಕೆ.

ಕಾಕಾ ಕುಳ್ಳಗಿನ ಮನುಷ್ಯ. ಎರಡೂ ಜೇಬಿನಲ್ಲಿ ಹುರಿದ ಶೇಂಗಾ. ಮಾತಾಡುವಾಗ ನಿಮ್ಮ ಮುಖ ನೋಡುವುದಿಲ್ಲ, ನಿಮ್ಮ ಕಾಲು ನೋಡುತ್ತಾರೆ. ಇದರಿಂದ ನಮ್ಮ ಅವ್ವನಿಗೆ ಅವರ ಬಗ್ಗೆ ಬಹಳ ದಿನ ಒಂದು ಅನುಮಾನವಿತ್ತು. "ಆ ಮನುಷ್ಯಾರದು ಏನರೆ ಕಳದದೇನು? ಯಾವಾಗ ನೋಡಿದ್ರೂ ನೆಲಾ ಹುಡುಕ್ಕೋತ ಹೊಂಟಿರ್ತಾರ" ಎನ್ನುತ್ತಿದ್ದಳು. ಯಾರ್ಡಿನಲ್ಲಿ ಹಳಿ ಬದಲಿಸುವುದು, ಡಬ್ಬಿಗೆ ಡಬ್ಬಿ ಜೋಡಿಸುವುದು, ಎಂಜಿನ್ನಿಗೆ ಕೈ ತೋರಿಸಿ ಬಾ, ಹೋಗು, ನಿಲ್ಲು ಅನ್ನುವುದು ಪಾಯಿಂಟ್ಸ್‌ಮನ್ನರ ಕೆಲಸ. ಆ ಕೆಲಸ ಮಾಡಿ ಮಾಡಿ ಅವರ ಕಣ್ಣು ಕೆಳಗೇ ಬಿದ್ದಿತ್ತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ನಮಗೆ ಫುಟ್‌ಬಾಲ್ ಕಲಿಸಿದ ಈ ಕಾಕಾಗೆ ಫುಟ್‌ಬಾಲ್ ಆಡಲು ಬರುತ್ತಿರಲಿಲ್ಲ. ಒಂದು ಸಲ ಹುಡುಗಿಯರೆಲ್ಲ ಸೇರಿ ಗಂಟುಬಿದ್ದು ಒಂದು ಪೆನಾಲ್ಟಿ ಹೊಡೆಯಿರಿ ಎಂದೆವು. ಅವರು ಶೇಂಗಾ ಬಾಯಿಗೆ ಹಾಕಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿಬಂದು ಒದ್ದರು. ಚಪ್ಪಲಿ ಗೋಲಿನೊಳಗೆ ಹೋಯಿತು, ಚೆಂಡು ಅಲ್ಲೇ ಇತ್ತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರೂ ನಕ್ಕರು. ನಂತರ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು.

"ನೋಡ್ರೆವಾ, ಇಪ್ಪತ್ತು ವರ್ಷ ಯಾರ್ಡಿನಾಗ ನಿಂತು ಬೇಲಿ ಆಚೆ ಆಡೋರನ್ನ ನೋಡೀನಿ. ಗಾಡಿಗೆ ಸಿಗ್ನಲ್ ಸಿಗೋತನಕ ನನಗ ಬ್ಯಾರೆ ಕೆಲಸ ಏನಿತ್ತು? ನೋಡಿದ್ರ ಕಾಲು ಕಲಿಯಂಗಿಲ್ಲ, ಈಗ ನೀವೇ ನೋಡಿದ್ರಿ. ಕಾಲು ಆಡೇ ಕಲೀಬೇಕು. ಆದ್ರ ಎಲ್ಲಿ ನಿಂದರಬೇಕು, ಯಾವಾಗ ಹೊಂಡಬೇಕು ಅನ್ನೋದು ಕಣ್ಣು ಕಲಸ್ತದ. ನಿಮ್ಮ ಕಾಲು ನೀವು ತರ್ರಿ, ಕಣ್ಣು ನಾ ಕೊಡ್ತೀನಿ."

ನಮ್ಮ ಮನೆ ಆ ಮೈದಾನದ ಬೇಲಿಗೆ ಹತ್ತಿಕೊಂಡಿತ್ತು. ಅಪ್ಪ ತೆಂಗಳಿ ಊರಿನವರು, ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ಕೆಲಸಕ್ಕೆಂದು ವಾಡಿಗೆ ಬಂದು ಅಲ್ಲೇ ಬಾಡಿಗೆ ಮನೆ ಹಿಡಿದಿದ್ದರು. ಚೆಂಡು ದಿನಕ್ಕೆ ನಾಲ್ಕು ಸಲ ನಮ್ಮ ಅಂಗಳಕ್ಕೆ ಬೀಳುತ್ತಿತ್ತು, ನಾನು ಎತ್ತಿ ಕೊಡುತ್ತಿದ್ದೆ. ಒಂದು ಸಂಜೆ ಕಾಕಾ ಬಾಗಿಲಿಗೇ ಬಂದರು. ಹಿಂದೊಮ್ಮೆ ಚೆಂಡು ಬಿದ್ದು ನಮ್ಮ ಕಿಟಕಿ ಒಡೆದದ್ದಕ್ಕೆ ಸಮಾಧಾನ ಹೇಳಲು ಬಂದರೇನೋ ಎಂದು ಅವ್ವ ಜಗಳಕ್ಕೆ ಸಿದ್ಧಳಾಗಿ ಹೊರಬಂದಳು. ಅವರು ನನ್ನ ಕಾಲು ನೋಡುತ್ತ ಕೇಳಿದರು: "ಚೆಂಡು ಇನ್ನಾ ಆ ಹುಡುಗನ ಕಾಲಾಗ ಇತ್ತು, ನೀ ಆಗಲೇ ಗೇಟ್ ತಗದಿ. ಇಲ್ಲೇ ಬರ್ತದಂತ ನಿನಗ ಹ್ಯಾಂಗ ಗೊತ್ತಾತು?" "ಆತ ಈ ಕಡೆ ವಾಲಿದ್ದರಿ" ಎಂದೆ. ಅಷ್ಟೇ ಸಾಕಾಯಿತು. ಮರುದಿನದಿಂದ ನಾನು ಮೈದಾನದಲ್ಲಿದ್ದೆ. ವರ್ಷದೊಳಗೆ ಹುಡುಗಿಯರದ್ದೇ ಒಂದು ತಂಡವಾಯಿತು.

ಈಗ ಪರ್ಸಿ ಕಲ್ಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ನೆಲಕ್ಕೆ, ಗೋಡೆಗೆ, ಕಟ್ಟೆಗೆ ಎಲ್ಲಕ್ಕೂ ಹಾಸುವುದು ಶಹಾಬಾದಿನ ಪರ್ಸಿ, ಅಂದರೆ ಚಪ್ಪಡಿ ಕಲ್ಲು. ಮೈದಾನದ ಅಂಚಿನಲ್ಲಿ ಹಳಿಯಡಿ ಹಾಕುವ ಎರಡು ಹಳೆಯ ಮರದ ಸ್ಲೀಪರಿನ ಮೇಲೆ ಅಂಥದೊಂದು ಉದ್ದನೆಯ ಪರ್ಸಿ ಇಟ್ಟು ಕಾಕಾ ಬೆಂಚು ಮಾಡಿದ್ದರು. ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಪಾಳಿ ಬರೆದಿರುತ್ತಿದ್ದರು, ರೈಲ್ವೆಯಲ್ಲಿ ಡ್ಯೂಟಿ ಬರೆದಂತೆಯೇ. ಪ್ರತಿ ಪಂದ್ಯದಲ್ಲಿ ಇಬ್ಬಿಬ್ಬರ ಹೆಸರಿನ ಮುಂದೆ "ಪರ್ಸಿ" ಎಂದಿರುತ್ತಿತ್ತು. ಅವರು ಮೊದಲರ್ಧ ಆಡುವಂತಿಲ್ಲ. ಕಲ್ಲಿನ ಮೇಲೆ ಕೂತು ನೋಡಬೇಕು. ಅದೂ ಆಟವನ್ನಲ್ಲ, ಎದುರಿನ ತಂಡದಲ್ಲಿ ಕಾಕಾ ತೋರಿಸಿದ ಒಬ್ಬಳನ್ನು ಮಾತ್ರ. ಚೆಂಡು ನೋಡಿದರೆ ತಪ್ಪು. ಎಷ್ಟು ಚೆನ್ನಾಗಿ ಆಡುತ್ತೀ ಎಂಬುದಕ್ಕೂ ಪಾಳಿಗೂ ಸಂಬಂಧವಿಲ್ಲ. ಚಳಿಗಾಲದಲ್ಲಿ ಆ ಕಲ್ಲು ತಣ್ಣಗೆ ಕೊರೆಯುತ್ತಿತ್ತು, ಬೇಸಿಗೆಯಲ್ಲಿ ಸುಡುತ್ತಿತ್ತು, ನಾವು ಚಪ್ಪಲಿ ಬಿಚ್ಚಿ ಕಲ್ಲಿನ ಮೇಲಿಟ್ಟು ಅದರ ಮೇಲೆ ಕೂರುತ್ತಿದ್ದೆವು.

ಅರ್ಧಾಟದ ಹೊತ್ತಿಗೆ ಶೇಂಗಾ ಬೆಲ್ಲ ಹಂಚುತ್ತ ಕಾಕಾ ರಿಪೋರ್ಟ್ ಕೇಳುತ್ತಿದ್ದರು. ಆಕೆ ಚೆಂಡು ಬರುವ ಮೊದಲು ಎತ್ತ ನೋಡಿದಳು? ದಣಿದಾಗ ಸೊಂಟದ ಯಾವ ಬದಿಗೆ ಕೈ ಇಟ್ಟಳು? ಗೆಳತಿ ತಪ್ಪು ಮಾಡಿದಾಗ ಬೈದಳೋ ಚಪ್ಪಾಳೆ ತಟ್ಟಿದಳೋ? "ಎಂಜಿನ್ ಎಲ್ಲಾರಿಗೂ ಕಾಣಸ್ತದ, ಅದರಾಗ ದೊಡ್ಡಸ್ತಿಕಿ ಏನದ? ಅದು ಹೋಗಬೇಕಾದ ಪಟರಿ ಖಾಲಿ ಅದನೋ ಇಲ್ಲೋ ನೋಡಬೇಕು" ಎನ್ನುತ್ತಿದ್ದರು. ಚೆಂಡು ಬಿಡದೆ ಒಬ್ಬಳೇ ಒಯ್ಯುವವಳಿಗೆ "ಏನ್ರಿ ಡ್ರೈವರ್ ಸಾಹೇಬ್ರ, ಹಿಂದ ಡಬ್ಬಿ ಅವ ಅನ್ನೋದು ನೆನಪದನೋ?" ಎಂದು ಕೂಗುತ್ತಿದ್ದರು. ನಮ್ಮ ರೇಷ್ಮಾ ವರ್ಷಗಟ್ಟಲೆ ಡ್ರೈವರ್ ಸಾಹೇಬಳಾಗಿಯೇ ಇದ್ದಳು. ಅವಳ ಓಟ ಹಾಗಿತ್ತು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಚಿತ್ತಾಪುರದ ತಂಡ ಕರೆತರುತ್ತಿದ್ದ ಮಾಸ್ತರರೊಬ್ಬರು ನಮ್ಮ ಪರ್ಸಿ ನೋಡಿ ಬಿದ್ದು ಬಿದ್ದು ನಕ್ಕಿದ್ದರು. "ರೊಟ್ಟಿ ಬಡಿಯೋದು ನೋಡಿದ್ರ ಹೊಟ್ಟಿ ತುಂಬತದೇನ್ರಿ? ಮಕ್ಕಳನ್ನ ಓಡಸೋದು ಬಿಟ್ಟು ಸಿನಿಮಾಕ್ಕ ಕುಂದರಿಸಿದಂಗ ಕುಂದರಸೀರಿ" ಎಂದರು. ಕಾಕಾ ತಣ್ಣಗೆ, "ಹೊಟ್ಟಿ ತುಂಬಂಗಿಲ್ರಿ. ಆದ್ರ ಹಂಚು ಯಾವಾಗ ಕಾಯ್ತದಂತ ಗೊತ್ತಾಗ್ತದ" ಎಂದರು. ಆ ದಿನ ನಾವು ಸೋತೆವು. ಮೂರು ಗೋಲಿನಿಂದ. ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಕಾಕಾ ಸದಾ ಗೆಲ್ಲುತ್ತಿದ್ದರೆಂದು ನೀವು ತಿಳಿಯುತ್ತೀರಿ.

ಅವರು ಮಾಡಿದ ಒಂದು ದೊಡ್ಡ ತಪ್ಪು ವಾಡಿಯಲ್ಲಲ್ಲದೆ ಇನ್ನೆಲ್ಲೂ ಆಗಲು ಸಾಧ್ಯವಿಲ್ಲ. ಸೇಡಂ ತಂಡದೊಂದಿಗೆ ನಮ್ಮ ಮೈದಾನದಲ್ಲೇ ಪಂದ್ಯ. ನಾವು ಒಂದು ಗೋಲು ಮುಂದಿದ್ದೆವು. ಬೇಲಿಯಾಚೆ ಯಾರ್ಡಿನಲ್ಲಿ ಡಬ್ಬಿ ಸರಿಸುವ ಕೆಲಸ ನಡೆದಿತ್ತು. ಕಾಕಾಗೆ ಅಂದು ರಜೆ. ಆದರೆ ರಜೆ ಇರುವುದು ಮನುಷ್ಯನಿಗೆ, ಕಣ್ಣಿಗಲ್ಲವಲ್ಲ. ಒಂದು ಡಬ್ಬಿ ಬೇಕಾದ್ದಕ್ಕಿಂತ ಜೋರಾಗಿ ಬರುವುದು ಅವರಿಗೆ ಕಂಡಿತು. ತಕ್ಷಣ ಎರಡೂ ಕೈ ತಲೆಯ ಮೇಲೆತ್ತಿ ನಿಂತುಬಿಟ್ಟರು. ರೈಲ್ವೆಯಲ್ಲಿ ಅದಕ್ಕೆ ಅರ್ಥ, ಇದ್ದಲ್ಲೇ ನಿಲ್ಲು. ನಮಗೂ ಅದು ಗೊತ್ತಿತ್ತು, ಅಭ್ಯಾಸದಲ್ಲಿ ನಮ್ಮನ್ನು ನಿಲ್ಲಿಸುತ್ತಿದ್ದುದು ಅದೇ ಕೈಯಿಂದ. ಹನ್ನೊಂದೂ ಜನ ಗೊಂಬೆಗಳಂತೆ ನಿಂತೆವು. ನಮ್ಮ ಗೋಲ್‌ಕೀಪರ್ ಕೂಡ ನಿಂತಳು. ಸೇಡಂನ ಹುಡುಗಿ ಪಾಪ ಒಂದು ಕ್ಷಣ ಅನುಮಾನಿಸಿ, ಆಮೇಲೆ ಮೆಲ್ಲಗೆ ಚೆಂಡನ್ನು ಗೋಲಿನೊಳಗೆ ಕಳಿಸಿದಳು. ಯಾರ್ಡಿನಲ್ಲಿ ಡಬ್ಬಿಗೆ ಏನೂ ಆಗಲಿಲ್ಲ. ಅಲ್ಲಿದ್ದವರು ಮೊದಲೇ ನೋಡಿಕೊಂಡಿದ್ದರು.

ಕಾಕಾ ಯಾರನ್ನೂ ಬೈಯಲಿಲ್ಲ. ಪಂದ್ಯ ಮುಗಿದ ಮೇಲೆ ಗೋಡೆಯ ಹತ್ತಿರ ಹೋಗಿ, ಮುಂದಿನ ಪಂದ್ಯದ ಪಾಳಿಯಲ್ಲಿ ಪರ್ಸಿಯ ಮುಂದೆ ತಮ್ಮ ಹೆಸರನ್ನೇ ಬರೆದರು. ಮುಂದಿನ ಪಂದ್ಯದ ಮೊದಲರ್ಧ ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕಲ್ಲಿನ ಮೇಲೆ ಕೂತರು. ತಮಗೆ ತಾವೇ ಶಿಕ್ಷೆ ಕೊಟ್ಟುಕೊಂಡ ದೊಡ್ಡವರನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ.

ಇಷ್ಟೆಲ್ಲ ಬರೆಯುತ್ತಿರುವ ನಾನು ಒಮ್ಮೆ ಕಾಕಾನ ಮೇಲೆ ಹಲ್ಲು ಕಡಿದಿದ್ದೂ ಉಂಟು. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ಅದು. ಶಹಾಬಾದಿನಲ್ಲಿ ಪಂದ್ಯ, ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಆರಿಸಲು ಇಬ್ಬರು ಬರುವವರಿದ್ದರು. ಅಪ್ಪ ಹಿಂದಿನ ದಿನವೇ ಖಡಾಖಂಡಿತವಾಗಿ ಹೇಳಿದ್ದರು: "ನಾಳಿ ಹೆಸರು ಬಂತು ಅಂದ್ರ ಆಡು, ನಾ ಬ್ಯಾಡ ಅನ್ನಲ್ಲ. ಬರಲಿಲ್ಲಂದ್ರ ಬೂಟು ಬಿಚ್ಚಿ ಇಡು. ಮಂದಿ ಮಕ್ಕಳು ಪರೀಕ್ಷಾಕ್ಕ ಓದ್ಲಿಕತ್ತಾವ, ನೀ ಕಲ್ಲಿನ ಮ್ಯಾಲ ಕುಂತು ಎದ್ದು ಬರ್ತಿ." ಅಪ್ಪ ಕೆಟ್ಟವರಲ್ಲ, ಆದರೆ ಆಡಿದ ಮಾತು ಬಿಡುವವರೂ ಅಲ್ಲ. ಫ್ಯಾಕ್ಟರಿಗೆ ರಜೆ ಹಾಕಿ ಅವರೂ ಬಂದರು.

ಶಹಾಬಾದಿನ ಮೈದಾನಕ್ಕೆ ಹೋಗಿ ನೋಡುತ್ತೇನೆ, ಕಾಕಾನ ಚೀಟಿಯಲ್ಲಿ ಪರ್ಸಿಯ ಮುಂದೆ ನನ್ನ ಹೆಸರು. ಕಲ್ಲಿನ ಊರದು, ಅಲ್ಲಿಯ ಮೈದಾನದ ಅಂಚಿಗೂ ಕೂರಲು ಒಂದು ಪರ್ಸಿ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. "ಕಾಕಾ, ಇವತ್ತೊಂದಿನ ಬ್ಯಾರೆದವರಿಗೆ ಕೊಡ್ರಿ. ಇವತ್ತು ಆರಸ್ತಾರ್ರಿ" ಎಂದು ಗೋಗರೆದೆ. ಅಪ್ಪ ಹೇಳಿದ್ದನ್ನೂ ಹೇಳಿದೆ.

"ಪಾಳಿ ಅಂದ್ರ ಪಾಳಿ" ಎಂದರು. "ಆ ಹಳದಿ ಅಂಗಿ ಎತ್ತರ ಹುಡುಗಿ, ಅವರ ಬ್ಯಾಕ್. ಆಕಿನ್ನ ನೋಡು."

ನಾನು ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಮೂವತ್ತು ನಿಮಿಷ ಚೆಂಡನ್ನೇ ನೋಡಿದೆ, ಆ ಇಬ್ಬರು ಆರಿಸುವವರ ಪೆನ್ನು ನೋಡಿದೆ, ಅಪ್ಪನ ಮುಖ ನೋಡಿದೆ. ರೇಷ್ಮಾ ಐದಾರು ಸಲ ನುಗ್ಗಿದಳು, ಪ್ರತಿ ಸಲವೂ ಚೆಂಡು ಕಳೆದುಕೊಂಡಳು. ಗೋಲಿಲ್ಲದೆ ಅರ್ಧಾಟವಾಯಿತು.

"ಹೇಳು. ಆಕಿ ಹ್ಯಾಂಗ?" ಎಂದರು ಕಾಕಾ.

"ಭಾಳ ಜೋರ ಓಡ್ತಾಳ್ರಿ" ಎಂದೆ.

ಕಾಕಾ ಮೊದಲ ಸಲ ನನ್ನ ಕಾಲು ಬಿಟ್ಟು ಮುಖ ನೋಡಿದರು. "ಆಕಿ ಒಮ್ಮೆನೂ ಓಡಿಲ್ಲ. ನಿಂತಲ್ಲೇ ನಿಂತು ಎಲ್ಲಾ ಚೆಂಡು ತಗೊಂಡಾಳ. ಹ್ಯಾಂಗ ತಗೊಂಡ್ಲು ಅಂತ ತಿಳ್ಕೊಂಡು ಬಾ ಅಂತ ನಿನ್ನ ಕುಂದರಿಸಿದ್ದೆ. ಇನ್ನಾ ಹತ್ತು ಮಿನಿಟ್ ಕುಂದ್ರು."

ನನ್ನ ಸುಳ್ಳಿಗೆ ಹತ್ತು ನಿಮಿಷ ದಂಡ. ಉಳಿಯುವುದು ಬರೀ ಇಪ್ಪತ್ತು ನಿಮಿಷ. ಸಿಟ್ಟು, ನಾಚಿಕೆ ಎರಡೂ ಉಕ್ಕಿ ಬಂದವು. ಕಣ್ಣೊರೆಸಿಕೊಂಡು ಆ ಹಳದಿ ಅಂಗಿಯನ್ನೇ ದಿಟ್ಟಿಸಿದೆ. ಮೊದಲ ಐದು ನಿಮಿಷ ಏನೂ ತಿಳಿಯಲಿಲ್ಲ. ಆಮೇಲೆ ಕಂಡಿತು. ನಮ್ಮವರು ಚೆಂಡು ಹಿಡಿದು ಬರುವಾಗ ಅವಳು ಒಮ್ಮೆ ತನ್ನ ಎಡಭುಜದ ಹಿಂದೆ ತಿರುಗಿ ನೋಡುತ್ತಿದ್ದಳು. ಅಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದರೆ ನಡುವೆ ಬಂದು ನಿಲ್ಲುತ್ತಿದ್ದಳು, ರೇಷ್ಮಾ ಸೀದಾ ಹೋಗಿ ಅವಳಿಗೇ ಡಿಕ್ಕಿಯಾಗುತ್ತಿದ್ದಳು. ಮೊದಲರ್ಧ ಪೂರ್ತಿ ಆ ಎಡಗಡೆ ಯಾರೂ ಹೋಗಿಯೇ ಇರಲಿಲ್ಲ.

ಇಳಿದೆ. ರೇಷ್ಮಾ ಚೆಂಡು ತಂದಾಗ ನಾನು ಹಳದಿ ಅಂಗಿಯವಳ ಎಡಭುಜದ ಹಿಂದಕ್ಕೆ ಓಡಿದೆ. ಅವಳು ತಿರುಗಿ ನೋಡಿದಳು, ನನ್ನ ಬೆನ್ನಿಗೆ ಬಂದಳು. ಆದರೆ ಚೆಂಡು ಬೇರೆ ಕಡೆ ಹೋಯಿತು. ಮತ್ತೆ ಓಡಿದೆ. ಮತ್ತೆ ಅವಳು ಬಂದಳು. ಮೂರು ಸಲ ಖಾಲಿ ಓಡಿದೆ, ನೋಡುವವರಿಗೆ ಹುಚ್ಚಿಯಂತೆ ಕಂಡಿರಬೇಕು. ನಾಲ್ಕನೆಯ ಸಲ ಅವಳು ನನ್ನ ಹಿಂದೆ ಬಂದಾಗ ನಡುವಿನ ಜಾಗ ಬಯಲಾಯಿತು. ರೇಷ್ಮಾ ಅದರಲ್ಲಿ ನುಗ್ಗಿ ಗೋಲು ಹೊಡೆದಳು. ಅದೊಂದೇ ಗೋಲು, ನಾವು ಗೆದ್ದೆವು.

ಎಲ್ಲರೂ ರೇಷ್ಮಾಳನ್ನು ಎತ್ತಿಕೊಂಡರು. ಆರಿಸುವವರು ಅವಳ ಹೆಸರು ಬರೆದುಕೊಂಡರು. ಇನ್ನೂ ಇಬ್ಬರ ಹೆಸರು ಬರೆದುಕೊಂಡರು. ನನ್ನದು ಇರಲಿಲ್ಲ. ಯಾಕಿರಬೇಕು? ನನ್ನ ಕಾಲಿಗೆ ಚೆಂಡು ಸಿಕ್ಕಿದ್ದೇ ಎರಡು ಸಲ.

ಶಹಾಬಾದ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಗಾಗಿ ಕಾಯುತ್ತ ನಿಂತೆವು. ನಾನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ಮನೆಗೆ ಹೋಗಿ ಅದನ್ನು ಎಲ್ಲಿಡುವುದೆಂದು ಯೋಚಿಸುತ್ತಿದ್ದೆ. ಕಾಕಾ ಅಪ್ಪನ ಹತ್ತಿರ ಬಂದು ನಿಂತು, ಎಂದಿನಂತೆ ಅವರ ಕಾಲು ನೋಡುತ್ತ ಹೇಳಿದರು: "ಅಣ್ಣಾರ, ರಿಪೋರ್ಟ್ ಕೊಡ್ರಿ."

ನನಗೆ ಅರ್ಥವಾಗಲಿಲ್ಲ. ನಾನು ಮೈದಾನಕ್ಕಿಳಿದ ಮೇಲೆ ಅಪ್ಪನನ್ನು ಕಾಕಾ ಕಲ್ಲಿನ ಮೇಲೆ ಕರೆದು ಕೂರಿಸಿಕೊಂಡಿದ್ದರಂತೆ. ಚೆಂಡು ಎಲ್ಲೇ ಹೋಗಲಿ, ಮಗಳನ್ನೇ ನೋಡಬೇಕೆಂದು ಡ್ಯೂಟಿ ಹಾಕಿದ್ದರಂತೆ.

ಅಪ್ಪ ನಾಲ್ಕು ಜನರ ಮುಂದೆ ಮಾತಾಡುವವರೇ ಅಲ್ಲ. "ಚೆಂಡಂತೂ ಈಕಿ ಕಡೀಗಿ ಬರಲೇ ಇಲ್ರಿ" ಎಂದರು. "ಆದ್ರ ಈಕಿ ಆ ಕಡೀಗಿ ಓಡಿದಾಗೆಲ್ಲ ಆ ಹಳದಿ ಅಂಗಿ ಹುಡುಗಿ ಹಿಂದಿಂದೇ ಬರ್ತಿದ್ಲು. ನಾಲ್ಕ ಸಲ ಬಂದ್ಲು. ನಾಲ್ಕನೇ ಸಲ ನಡುವು ಖಾಲಿ ಆತು, ಆಗ ಗೋಲ್ ಆತು. ಇದು ಈಕಿ ಬೇಕಂತೇ ಮಾಡಿದ್ದು ಹೌದಲ್ರಿ?"

"ಬೇಕಂತೇ ಮಾಡಿದ್ದು" ಎಂದರು ಕಾಕಾ. "ಆದ್ರ ಆರಸ್ಲಿಕ್ಕ ಬಂದವರು ಅದನ್ನ ನೋಡಿಲ್ರಿ."

ಅಪ್ಪ ಹೇಳಿದರು: "ನಾ ನೋಡೀನಲ್ರಿ."

ಗಾಡಿಯಲ್ಲಿ ಕೂತ ಮೇಲೆ ನನ್ನ ಕೈಯಲ್ಲಿದ್ದ ಬೂಟಿನ ಕಡೆ ಕಣ್ಣು ಮಾಡಿ, "ಮಣ್ಣು ತಗದು ಇಡು. ನಾಳಿ ಮತ್ತ ಹೋಗಬೇಕಲ್ಲ" ಎಂದರು. ನಾನು ಕಿಟಕಿಯ ಕಡೆ ಮುಖ ಮಾಡಿ ವಾಡಿಯವರೆಗೂ ಅತ್ತೆ. ಮುಂದೆ ಜಿಲ್ಲೆಗೂ ಆಡಿದೆ, ಕಾಲೇಜಿಗೂ ಆಡಿದೆ, ಇದೇ ಆಟದಿಂದ ಕೆಲಸವೂ ಸಿಕ್ಕಿತು. ಆದರೆ ಆ ಪ್ಲಾಟ್‌ಫಾರ್ಮಿನಲ್ಲಿ ಆದಷ್ಟು ಹೆಮ್ಮೆ ನನಗೆ ಇನ್ನೆಲ್ಲೂ ಆಗಿಲ್ಲ.

ಈಗ ನಾನು ಸುಲೇಪೇಟದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಇವರು ನಮಗಿಂತ ನೂರು ಪಾಲು ಹೆಚ್ಚು ಆಟ ನೋಡುತ್ತಾರೆ, ಎಲ್ಲವೂ ಫೋನಿನಲ್ಲಿ. ಗೋಲು ಹೊಡೆದ ಮೇಲೆ ಏನು ಮಾಡಬೇಕೆಂಬುದು ಎಲ್ಲರಿಗೂ ಬರುತ್ತದೆ, ಗೋಲು ಹೊಡೆಯುವುದೊಂದು ಬರುವುದಿಲ್ಲ. ಮೊಣಕಾಲ ಮೇಲೆ ಜಾರಲು ಹೋಗಿ ನಮ್ಮ ಗರಸಿನ ನೆಲದಲ್ಲಿ ಚರ್ಮ ಕಿತ್ತುಕೊಂಡವರಿಗೆ ಔಷಧಿ ಹಚ್ಚುವುದೇ ನನಗೊಂದು ಕೆಲಸ. ಕಾಕಾಗೆ ಹೇಳಿದರೆ, "ಫೋನಿನಾಗ ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿರ್ತದ. ಚೆಂಡಿಲ್ಲದವರು ಎಲ್ಲಿ ಹೋದ್ರು ಅಂತ ಅದು ತೋರಸಂಗಿಲ್ಲ. ಒಂದು ಪರ್ಸಿ ತರಸು" ಎಂದರು. ತರಿಸಿದೆ.

ನಿವೃತ್ತಿಯಾದ ಮರು ಭಾನುವಾರ ಕಾಕಾ ಬಸ್ಸು ಹತ್ತಿ ನಮ್ಮ ಮೈದಾನಕ್ಕೆ ಬಂದರು. ಕುರ್ಚಿ ಹಾಕಿದರೆ ಕೂರಲಿಲ್ಲ, ಪರ್ಸಿಯ ಮೇಲೆ ಕೂತರು. ಹುಡುಗಿಯರು ಎರಡು ತಂಡವಾಗಿ ಆಡಿದರು. ನಾನು ಗೆರೆಯ ಹತ್ತಿರ ನಿಂತಿದ್ದೆ. ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಾಳೆ, ಗಂಗಮ್ಮ ಎಂದು, ಎಲ್ಲರೂ ಅವಳನ್ನು ಮಂದ ಎನ್ನುತ್ತಾರೆ. ನನಗೆ ಯಾಕೋ ಹಾಗನ್ನಿಸಿರಲಿಲ್ಲ. ಪಂದ್ಯ ಮುಗಿಯಿತು. ಶೇಂಗಾ ಹಂಚಿ, ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಕಾಕಾ ನನ್ನನ್ನೇ ಕೇಳಿದರು: "ಟೀಚರ್ರೇ, ಕಡೀ ಗೋಲ್ ಯಾರು ಹೊಡದ್ರು?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ಹುಡುಗಿಯರ ಮುಂದೆ ಅವರ ಟೀಚರಿಗೆ ಗೋಲು ಹೊಡೆದವರಾರೆಂದು ಗೊತ್ತಿರಲಿಲ್ಲ. ಹುಡುಗಿಯರು ಕಿಸಕ್ಕನೆ ನಕ್ಕರು.

"ನೋಡ್ಲಿಲ್ರಿ ಕಾಕಾ" ಎಂದೆ.

"ಮತ್ತ ಏನ್ ನೋಡಿದಿ?"

"ಗಂಗಮ್ಮನ್ನ ನೋಡಿದೆ. ಆಕಿ ಮಂದ ಇಲ್ರಿ. ಚೆಂಡು ಎಲ್ಲಿ ಬೀಳ್ತದೋ ಅಲ್ಲಿಗೆ ಎಲ್ಲಾರಿಗಿಂತ ಮೊದಲೇ ಹೋಗಿ ನಿಂದರ್ತಾಳ. ಅದಕ್ಕೇ ಓಡೋದು ಕಾಣಂಗಿಲ್ಲ."

ಕಾಕಾ ಎದ್ದು ನಿಂತರು. ಅಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ಭೇಷ್ ಎಂದವರಲ್ಲ, ಅಂದೂ ಅನ್ನಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟು, ನಗುತ್ತಿದ್ದ ಹುಡುಗಿಯರ ಕಡೆ ತಿರುಗಿ ಹೇಳಿದರು:

"ಯಾಕ ನಗತೀರಿ? ಈಕಿ ನಮ್ಮ ಪರ್ಸಿ ಮ್ಯಾಲ ಕುಂತ ಹುಡುಗಿ."